ಭೂಮಣ್ಣಿ ಬುಟ್ಟಿ ಸಮುದ್ರ ದಾಟಿದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ದಸರಾ ರಜೆಗೆ ಇನ್ನೆರಡು ದಿನ ಇತ್ತು. ಸಾಗರ ತಾಲೂಕಿನ ನಮ್ಮ ಪ್ರೌಢಶಾಲೆಯ ಜಗಲಿಯಲ್ಲಿ ಹದಿನಾಲ್ಕು ಸ್ಕೌಟ್ ಹುಡುಗರ ಬ್ಯಾಗುಗಳನ್ನು ಸಾಲಾಗಿ ಇಡಿಸಿ ತಪಾಸಣೆ ಮಾಡುತ್ತಿದ್ದೆ. ಶ್ರೀಲಂಕಾದ ಮಾತಲೆ ಎಂಬ ಊರಿನ ಸ್ಕೌಟ್ ದಳವೊಂದು ಎಂಟು ದಿನದ ಮಟ್ಟಿಗೆ ನಮ್ಮನ್ನು ಕರೆದಿತ್ತು. ಒಂಬತ್ತನೇ ತರಗತಿಯ ಒಬ್ಬನ ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದಿದ್ದು ಒಂದು ಬುಟ್ಟಿ. ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಅವನ ಅಮ್ಮ ಚಿತ್ತಾರ ಬರೆದಿದ್ದರು. ಭೂಮಣ್ಣಿ ಬುಟ್ಟಿ.

"ವಿಮಾನದಲ್ಲಿ ಇದಕ್ಕೆಲ್ಲಿ ಜಾಗ? ಮನೆಯಲ್ಲೇ ಇಟ್ಟು ಬಾ" ಎಂದೆ. ಹುಡುಗ ತಲೆ ತಗ್ಗಿಸಿದ. "ಮೇಷ್ಟ್ರೇ, ಸೀಗೆ ಹುಣ್ಣಿಮೆ ದಿನ ನಾನು ಅಲ್ಲಿರ್ತೀನಿ. ಮನೇಲಿ ಪ್ರತಿ ವರ್ಷ ಬುಟ್ಟಿ ಹೊರೋನು ನಾನೇ."

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯ ಕೇಳುಗರಿಗಾಗಿ ಹೇಳುತ್ತೇನೆ. ಆಶ್ವಯುಜದ ಹುಣ್ಣಿಮೆ ಹೊತ್ತಿಗೆ ನಮ್ಮ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿಕೊಂಡು ನಿಂತಿರುತ್ತದೆ. ಭೂಮಿ ಬಸುರಿ. ಬಸುರಿಯ ಬಯಕೆ ತೀರಿಸಬೇಕಲ್ಲ? ರಾತ್ರಿಯೆಲ್ಲ ಹೆಂಗಸರು ಅಡುಗೆ ಮಾಡುತ್ತಾರೆ. ಸೊಪ್ಪು, ಕುಡಿ, ಕಾಯಿ, ಕಡುಬು. ಬೆಳಕು ಹರಿಯುವ ಮುನ್ನ ಅದನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಭೂಮಿತಾಯಿಗೆ ಬಡಿಸುತ್ತಾರೆ. ನಾನೂ ಇದೇ ನೆಲದವನು, ಆದರೂ ಬುಟ್ಟಿ ಬೇಡವೆಂದು ಹೇಳಿಬಿಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವನೇ ಅವರ ಮನೆಗೆ ಹೋಗಿ, "ಖಾಲಿ ಬುಟ್ಟಿ ತರಲಿ, ತುಂಬುವುದನ್ನು ಅಲ್ಲೇ ನೋಡೋಣ" ಎಂದು ಹೇಳಿ ಬಂದೆ.

ಶಿವಮೊಗ್ಗದಿಂದ ರಾತ್ರಿ ರೈಲು, ಬೆಂಗಳೂರಿನಿಂದ ವಿಮಾನ, ಕೊಲಂಬೊ ಹತ್ತಿರದ ಕಟುನಾಯಕೆಯಲ್ಲಿ ಇಳಿದು ಬಸ್ಸು. ನಮ್ಮ ಹುಡುಗರಲ್ಲಿ ಹನ್ನೆರಡು ಮಂದಿ ಅದುವರೆಗೆ ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿದ್ದವರು. ದಾರಿಯುದ್ದಕ್ಕೂ ಕಿಟಕಿಗೆ ಮೂಗು ಒತ್ತಿ ಅಂಗಡಿಗಳ ಬೋರ್ಡು ಓದಲು ನೋಡಿದರು. ಸಿಂಹಳದ ಅಕ್ಷರಗಳೂ ನಮ್ಮವುಗಳ ಹಾಗೇ ದುಂಡಗೆ. ಈಗ ಓದಿಬಿಡುತ್ತೇನೆ ಅನ್ನಿಸುತ್ತದೆ, ಒಂದಕ್ಷರವೂ ಸಿಗುವುದಿಲ್ಲ.

ಮಾತಲೆ ಇರುವುದು ಕ್ಯಾಂಡಿಯ ಉತ್ತರಕ್ಕೆ, ಗುಡ್ಡಗಳ ನಡುವೆ. ಮೆಣಸು, ಏಲಕ್ಕಿ, ಕೋಕೋ ಬೆಳೆಯುವ ಸೀಮೆ. ಸ್ಕೌಟ್ ಆದವನಿಗೆ ಆ ಊರಿನ ಮಣ್ಣು ಬೇರೆ ರೀತಿಯಲ್ಲೂ ದೊಡ್ಡದು. 1912ರಲ್ಲಿ ಫ್ರಾನ್ಸಿಸ್ ಜಾರ್ಜ್ ಸ್ಟೀವನ್ಸ್ ಎಂಬವರು ಆ ದ್ವೀಪದ ಮೊದಲ ದಳ ಕಟ್ಟಿದ್ದು ಅಲ್ಲಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1909ರಲ್ಲಿ, ಭಾರತದ ಮೊದಲ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಕ್ಯಾಪ್ಟನ್ ಬೇಕರ್ ಅವರ ಕೈಯಿಂದ. ಇದನ್ನು ಹೇಳಿದಾಗ ಎರಡೂ ಕಡೆಯ ಹುಡುಗರು ಒಬ್ಬರನ್ನೊಬ್ಬರು ನೆಂಟರನ್ನು ನೋಡುವ ಹಾಗೆ ನೋಡಿದರು.

ಮೊದಲ ಎರಡು ದಿನ ವೇದಿಕೆ, ಹಾರ, ಭಾಷಣ, ಸ್ಮರಣಿಕೆ. ಕರೆದವರ ಪ್ರೀತಿ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಸಾಲು ಒಂದು ಕಡೆ, ಅವರ ಸಾಲು ಇನ್ನೊಂದು ಕಡೆ ಕೂತೇ ಇತ್ತು. ಇಂಥ ಸದ್ಭಾವನಾ ಪ್ರವಾಸಗಳಲ್ಲಿ ಮಕ್ಕಳು ಹೋಟೆಲಿನಲ್ಲಿ ಉಳಿಯಲೇಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೂರನೇ ದಿನ ಇಬ್ಬಿಬ್ಬರಂತೆ ಮನೆಗಳಿಗೆ ಹಂಚಿಹೋದ ಮೇಲೆಯೇ ಬಾಯಿ ಬಿಚ್ಚಿಕೊಂಡವು.

ಭಾಷೆ? ಅರೆಬರೆ ಇಂಗ್ಲಿಷು. ಭದ್ರಾವತಿ ಮೂಲದ ನಮ್ಮ ಹುಡುಗನೊಬ್ಬನಿಗೆ ಮನೆಯ ತಮಿಳು ಬರುತ್ತಿತ್ತು. ಅವರ ದಳದಲ್ಲಿ ಸಿಂಹಳ, ತಮಿಳು, ಮುಸ್ಲಿಂ ಮಕ್ಕಳೆಲ್ಲ ಇದ್ದುದರಿಂದ ಅವನೇ ಎಲ್ಲರಿಗೂ ದುಭಾಷಿ. ಉಳಿದದ್ದನ್ನು ಹಗ್ಗ ಮಾತಾಡಿತು. ರೀಫ್ ನಾಟ್, ಕ್ಲವ್ ಹಿಚ್, ಬೋಲೈನ್. ಗಂಟು ಹಾಕಿ ತೋರಿಸಿದರೆ ಆಯಿತು, ಅನುವಾದ ಬೇಡ. ಒಂದು ಸಂಜೆ ಗುಡುಗು ಸಹಿತ ಸುರಿದ ಮಳೆಗೆ ಡೇರೆಯ ಗೂಟಗಳು ಕಿತ್ತು ಬಂದಾಗ ಎರಡು ದೇಶದ ಕೈಗಳು ಒಂದೇ ಹಗ್ಗದಲ್ಲಿದ್ದವು.

ಊಟದ ಹೊತ್ತಿನಲ್ಲಿ ಒಂದು ಗೊಂದಲವಾಯಿತು. ಬುಟ್ಟಿಯ ಹುಡುಗ ಗದ್ದೆ ತೋರಿಸಿ, "ಭತ್ತ?" ಎಂದು ಕೇಳಿದ. ಮನೆಯೊಡತಿ ನಕ್ಕು ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. ಸಿಂಹಳದಲ್ಲಿ 'ಬತ್' ಎಂದರೆ ಅನ್ನ. ಸಂಸ್ಕೃತದಲ್ಲಿ ಅನ್ನಕ್ಕೆ 'ಭಕ್ತ' ಎಂಬ ಹೆಸರಿದೆ. ಅದೇ ಪದ ಬಾಯಿಂದ ಬಾಯಿಗೆ ಸವೆದು ನಮ್ಮಲ್ಲಿ ಗದ್ದೆಯ ಭತ್ತವಾಗಿ ನಿಂತಿತು, ಅವರಲ್ಲಿ ತಟ್ಟೆಗೇ ಬಂದುಬಿಟ್ಟಿತು.

ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ ಅಲುವಿಹಾರ ಎಂಬ ಬಂಡೆಗಳ ವಿಹಾರವಿದೆ. ಅದುವರೆಗೆ ಭಿಕ್ಷುಗಳ ನೆನಪಿನಲ್ಲೇ ಉಳಿದು ಬಂದಿದ್ದ ತ್ರಿಪಿಟಕವನ್ನು ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಮೊದಲ ಬಾರಿಗೆ ಬರಹಕ್ಕಿಳಿಸಿದ್ದು ಅಲ್ಲಿ. ಬರಗಾಲ ಮತ್ತು ಯುದ್ಧ ಬಂದಿದ್ದವು. ಕಂಠಪಾಠ ಮಾಡಿದವರು ಸತ್ತರೆ ಗ್ರಂಥವೂ ಅವರೊಂದಿಗೆ ಹೋಗುತ್ತದೆ ಎಂಬ ಭಯದಿಂದ ಬರೆದರು. ಇವತ್ತಿಗೂ ಅಲ್ಲಿ ತಾಳೆಗರಿಯ ಮೇಲೆ ಬರೆದು ತೋರಿಸುತ್ತಾರೆ. ಮೊನಚು ಕಬ್ಬಿಣದಿಂದ ಕೊರೆದಾಗ ಏನೂ ಕಾಣುವುದಿಲ್ಲ. ಮಸಿ ಬಳಿದು ಒರೆಸಿದ ಮೇಲೆ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಆ ಗರಿಗೆ ಅವರೂ 'ಓಲ' ಎನ್ನುತ್ತಾರೆ. ನಮ್ಮ ಓಲೆಯೇ! ತನ್ನ ಹೆಸರು ಸಿಂಹಳದಲ್ಲಿ ಎದ್ದು ಬಂದಾಗ ಒಬ್ಬೊಬ್ಬ ಹುಡುಗನೂ ಉಸಿರು ಬಿಗಿಹಿಡಿದು ನಿಂತಿದ್ದ.

ಅಷ್ಟರಲ್ಲಿ ಹುಣ್ಣಿಮೆ ಬಂತು. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ರಜೆ, 'ಪೋಯ'. ಇದು ವಪ್ ತಿಂಗಳ ಪೋಯ. ನಾವು ಬೀಜವಪನ ಎನ್ನುತ್ತೇವಲ್ಲ, ಅದೇ ವಪ್. ದೊಡ್ಡ ಬೇಸಾಯವಾದ 'ಮಹ'ದ ಬಿತ್ತನೆ ಅವರಿಗೆ ಆಗ ಶುರು. ಅಂದರೆ ಒಂದೇ ಚಂದ್ರನ ಕೆಳಗೆ ನಮ್ಮ ಗದ್ದೆ ತುಂಬಿದ ಬಸುರಿ, ಅವರದು ಆಗಷ್ಟೇ ಹದವಾದ ಕೆಸರು.

ಹಿಂದಿನ ರಾತ್ರಿ ಆ ಮನೆಯ ಅಡುಗೆಮನೆಯಲ್ಲಿ ನಮ್ಮ ಹುಡುಗರು ಅಕ್ಕಿ ರುಬ್ಬಿದರು. ಕಡುಬಿಗೆ ಎಲೆ ಯಾವುದೆಂದು ನಾನು ಯೋಚಿಸುತ್ತಿದ್ದರೆ, ಮನೆಯೊಡತಿ ಹಿತ್ತಲಿಗೆ ಹೋಗಿ ಅಗಲವಾದ ಎಲೆಗಳ ಕಟ್ಟು ತಂದರು. ಅವರ 'ಕೆಂದ' ಎಲೆ. ನೋಡಿದರೆ ನಮ್ಮ ಕರಾವಳಿಯವರ ಉಪ್ಪಳಿಗೆ! ಅದರಲ್ಲೇ ಅವರು 'ಹಲಪ' ಎಂಬ ಸಿಹಿ ಬೇಯಿಸುತ್ತಾರಂತೆ. ಬೇಯುವಾಗ ಎದ್ದ ಆ ಎಲೆಯ ಪರಿಮಳಕ್ಕೆ ಒಬ್ಬ ಹುಡುಗ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಮನೆ ನೆನಪಾಗಿತ್ತು.

ಕೋಳಿ ಕೂಗುವ ಮುಂಚೆ ಹೊರಟೆವು. ಮುಂದೆ ಟಾರ್ಚು ಹಿಡಿದು ಮನೆಯ ಯಜಮಾನರು, ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ನಮ್ಮ ಹುಡುಗ. ಬದುವಿನ ಮೇಲೆ ನಿಂತು ಅವನು ತನ್ನ ಅಜ್ಜ ಕೂಗುವ ಹಾಗೇ ಭೂಮಿತಾಯಿಯನ್ನು ಉಣ್ಣಲು ಕರೆದ. ದನಿ ಮೊದಲು ನಡುಗಿತು, ಆಮೇಲೆ ಎದುರು ಗುಡ್ಡಕ್ಕೆ ಮುಟ್ಟಿತು. ಯಜಮಾನರಿಗೆ ಮಾತು ತಿಳಿಯಲಿಲ್ಲ. ಆದರೆ ಕೈ ಮುಗಿದರು. ಮನೆಗೆ ಮರಳಿದ ಮೇಲೆ, ಗೋಣಿಚೀಲದಲ್ಲಿ ಮೊಳಕೆಗೆ ಇಟ್ಟಿದ್ದ ಬೀಜದಿಂದ ಒಂದು ಮುಷ್ಟಿ ತೆಗೆದು ಖಾಲಿ ಬುಟ್ಟಿಗೆ ಹಾಕಿದರು. ಮರುದಿನ ಬಿತ್ತನೆ ಶುರುವಾದದ್ದು ಆ ಮುಷ್ಟಿಯಿಂದ, ನಮ್ಮ ಹುಡುಗನ ಕೈಯಿಂದ. ಬುಟ್ಟಿಯನ್ನು ಅವನು ಅಲ್ಲೇ ಬಿಟ್ಟು ಬಂದ.

ಊರಿಗೆ ಬಂದ ಸಂಜೆ ಅವನ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಭೂಮ್ತಾಯಿಗೆ ಎಷ್ಟು ತಿಂಗ್ಳಾಗಿತ್ತು?"

"ಇಲ್ಲಜ್ಜಿ, ಇನ್ನೂ ಬಿತ್ತಿರಲೇ ಇಲ್ಲ."

ಅಜ್ಜಿ ಎಲೆ ಅಡಿಕೆ ಮಡಚುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಂಗಾದ್ರೆ ನೀನು ಬಡಿಸಿದ್ದು ಬಯಕೆ ಊಟ ಅಲ್ಲ ಮಗಾ, ಮದುವೆ ಊಟ."

ಮಾರ್ಚ್ ತಿಂಗಳಲ್ಲಿ ನನ್ನ ಫೋನಿಗೆ ಮಾತಲೆಯಿಂದ ಒಂದು ಫೋಟೋ ಬಂತು. ಕೊಯ್ಲಾದ ಗದ್ದೆ, ಬದುವಿನ ಮೇಲೆ ಭೂಮಣ್ಣಿ ಬುಟ್ಟಿ, ಅದರ ತುಂಬ ಹೊಸ ಭತ್ತ. ಚಿತ್ತಾರ ಒಂದು ಕಡೆ ಮಾಸಿತ್ತು. ಹುಡುಗ ನನ್ನ ಕೈಯಿಂದ ಫೋನು ಇಸಿದುಕೊಂಡು ಅಜ್ಜಿಗೆ ತೋರಿಸಲು ಓಡಿದ.

ನಮಸ್ಕಾರ.