ಮುಕ್ಕುವ ಹೊತ್ತು

ಕೇಳುಗರಿಗೆ ನಮಸ್ಕಾರ. ಹೆರಿಗೆ ಹತ್ತಿರ ಬಂದವರಿಗೆ, ಅದಕ್ಕಿಂತ ಜಾಸ್ತಿ ಅವರ ಜೊತೆ ಆಸ್ಪತ್ರೆಗೆ ಬರುವ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಒಂದೇ ಮಾತು. ಮುಕ್ಕಬೇಕು, ಅಂದರೆ ಮಗುವನ್ನು ಹೊರಗೆ ತಳ್ಳಲು ತಿಣುಕಬೇಕು ಎಂದು ಬಸುರಿಗೆ ಒಳಗಿನಿಂದ ಅನಿಸಲಿ. ಆಮೇಲೆ ಮುಕ್ಕಲಿ.

ಗರ್ಭಕೋಶದ ಬಾಯಿ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆದರೆ ಹೆರಿಗೆಯ ಎರಡನೇ ಹಂತ ಶುರು. ಆದರೆ ತೆರೆದ ಕೂಡಲೇ ಎಲ್ಲರಿಗೂ ಮುಕ್ಕಬೇಕು ಅನಿಸುವುದಿಲ್ಲ. ಮಗುವಿನ ತಲೆ ಇನ್ನಷ್ಟು ಇಳಿದು ಹಿಂದೆ ಒತ್ತಬೇಕು. ಆಗ ಕಕ್ಕಸಿಗೆ ಅವಸರವಾದ ಹಾಗೆ ಅನಿಸುತ್ತದೆ. ನಾಚಿಕೆ ಬೇಡ, ಸಿಸ್ಟರಿಗೆ ಹೇಳಿ.

ಅಂಕೋಲಾ ಕಡೆಯ ಹುಡುಗಿಯೊಬ್ಬಳು, ಚೊಚ್ಚಲು. ಜೊತೆಗೆ ಅತ್ತೆ. ಮೀನು ಮಾರುವವರು, ದನಿ ಗಟ್ಟಿ. ಲೇಬರ್ ರೂಮಿನಲ್ಲಿ ಅವರದೇ ಕಾರುಬಾರು. "ಬಾಯಿ ಮುಚ್ಚು, ಉಸಿರು ಕಟ್ಟು, ಮುಕ್ಕು!" ಹುಡುಗಿಯ ಮುಖ ಕೆಂಪಾಗಿ ಕುತ್ತಿಗೆಯ ನರ ಉಬ್ಬಿತ್ತು. ನೋವು ಬಿಟ್ಟಾಗ ನೀರು ನುಂಗಲೂ ತ್ರಾಣವಿಲ್ಲ. ಅವಳನ್ನು ಎಡಮಗ್ಗುಲಿಗೆ ತಿರುಗಿಸಿ, ಸುಮ್ನೆ ಉಸಿರಾಡು ಎಂದೆ. ಸ್ವಲ್ಪ ಹೊತ್ತು ಕಳೆಯಿತು. ನೋವು ಏರಿದಾಗ ತಾನಾಗಿಯೇ ಮಂಚದ ಸರಳು ಹಿಡಿದು ನರಳಿ ಮುಕ್ಕಿದಳು. ನಾಲ್ಕೈದು ಸೆಕೆಂಡು, ಉಸಿರು, ಮತ್ತೆ ಮುಕ್ಕು.

"ಡಾಕ್ಟ್ರೇ, ಇಷ್ಟು ಸಣ್ಣ ಮುಕ್ಕಿಗೆ ಮಗು ಬರ್ತದಾ?"

"ನೀವು ನಾಲ್ಕು ಹೆತ್ತವರು. ನಿಮಗೆ ಯಾರು ಹೇಳಿಕೊಟ್ಟಿದ್ರು?"

"ಯಾರಿದ್ರು? ಮನೇಲಿ ನಾನೊಬ್ಳೇ."

ಆಮೇಲೆ ಬಾಯಿ ಮುಚ್ಚಿದ್ದು ಅತ್ತೆಯೇ! ಸೊಸೆಯ ಸೊಂಟ ಉಜ್ಜುತ್ತಾ ನಿಂತರು. ಹೆಣ್ಣು ಮಗು ಹುಟ್ಟಿತು, ಹುಟ್ಟುತ್ತಲೇ ಅತ್ತಿತು. ಅಜ್ಜಿಯ ದನಿಯೇ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಇದನ್ನೇ. ಅವಳ ಮೈ ಕೇಳಿದಾಗ ಮುಕ್ಕಲಿ, ನೀವು ಧೈರ್ಯ ಹೇಳಿ. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೂ ಚೊಚ್ಚಲಿಗೆ 3 ಗಂಟೆಯವರೆಗೆ, ಮುಂದಿನ ಹೆರಿಗೆಗಳಿಗೆ 2 ಗಂಟೆಯವರೆಗೆ ಹಿಡಿಯಬಹುದು. ಅಷ್ಟು ಹೊತ್ತೂ ಸಿಸ್ಟರ್ ಮಗುವಿನ ಎದೆಬಡಿತ ನೋಡುತ್ತಲೇ ಇರುತ್ತಾರೆ. ಮತ್ತೆ ಯಾಕೆ ಗಡಿಬಿಡಿ?

ಸಮಯ ಆಯಿತೆಂದು ಕೈಸನ್ನೆ ಮಾಡುತ್ತಿದ್ದಾರೆ. ನೋವು ತಿಳಿಯದಂತೆ ಬೆನ್ನಿಗೆ ಮದ್ದು ಕೊಟ್ಟಿದ್ದರೆ ಮುಕ್ಕಬೇಕು ಅನಿಸುವುದು ಕಡಿಮೆ, ಆಗ ಸಿಸ್ಟರ್ ಹೇಳಿದಂತೆ ಮಾಡಿ. ಅಂಗಾತವೇ ಮಲಗಬೇಕೆಂದಿಲ್ಲ. ತಲೆ ಹೊರಬರುವಾಗ ಮುಕ್ಕದೆ ಬಾಯಿಂದ ಸಣ್ಣ ಸಣ್ಣ ಉಸಿರು ಬಿಡಿ. ಮತ್ತೆ, ಮಗು ಬೇಗ ಬರಲೆಂದು ಹೊಟ್ಟೆ ಒತ್ತಲಿಕ್ಕೆ ಯಾರಿಗೂ ಬಿಡಬೇಡಿ. ಅತ್ತೆಗೂ. ನಮಸ್ಕಾರ.