ಕಾಡಿನ ವಿಐಪಿಗಳು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಲ್ಲಿ ವಿಐಪಿ ಬರುತ್ತಾರೆ ಅಂದರೆ ಹಿಂದಿನ ದಿನವೇ ರಸ್ತೆ ಗುಡಿಸಿ ಸುಣ್ಣ ಬಳಿಯುತ್ತಾರೆ. ನಾನು ನೋಡಿದ ವಿಐಪಿಯ ಕೈಯಲ್ಲೇ ಪೊರಕೆ ಇತ್ತು.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ ‘ವಾಲಂಟಿಯರ್ಸ್ ಇನ್ ಪಾರ್ಕ್ಸ್’ ಅಂತ ಹೆಸರು. ಚಿಕ್ಕದಾಗಿ ವಿಐಪಿ! 1970ರಲ್ಲಿ ಇದಕ್ಕೆ ಒಂದು ಕಾನೂನೇ ಬಂತು. ಅವರಲ್ಲಿ ಕ್ಯಾಂಪ್‌ಗ್ರೌಂಡ್ ಹೋಸ್ಟ್ ಅನ್ನುವವರಿದ್ದಾರೆ. ಡೇರೆ ಹಾಕಿಕೊಂಡು ತಂಗುವ ಜಾಗದಲ್ಲೇ ಇದ್ದು, ಬಂದವರನ್ನು ನೋಡಿಕೊಳ್ಳುವವರು. ಬಹಳ ಮಂದಿ ನಿವೃತ್ತರಾದ ಗಂಡ-ಹೆಂಡತಿ. ಒಳಗೇ ಅಡುಗೆಮನೆ, ಹಾಸಿಗೆ ಇರುವ ಸ್ವಂತ ಗಾಡಿ ತಂದು ನಿಲ್ಲಿಸಿಕೊಳ್ಳುತ್ತಾರೆ. ಜಾಗ, ನೀರು, ಕರೆಂಟು ಸಾಮಾನ್ಯವಾಗಿ ಪುಕ್ಕಟೆ. ಬದಲಿಗೆ ವಾರಕ್ಕೆ ಇಪ್ಪತ್ತು ಮೂವತ್ತು ಗಂಟೆ ಕೆಲಸ. ಕೆಲವು ಕಡೆ ಕಕ್ಕಸು ತೊಳೆಯುವುದೂ ಅವರ ಪಾಲಿಗೇ ಬರುತ್ತದೆ.

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಯೊಸೆಮಿಟಿ ಅನ್ನುವ ರಾಷ್ಟ್ರೀಯ ಉದ್ಯಾನದಲ್ಲಿ ಮೂರು ರಾತ್ರಿ ಡೇರೆಯಲ್ಲಿ ಮಲಗಿದ್ದೆ. ವವೋನಾ ಅನ್ನುವ ಜಾಗ. ಪಕ್ಕದಲ್ಲೇ ಮರ್ಸೆಡ್ ನದಿಯ ಒಂದು ಕವಲು. ನನಗೋ ಬೆಳಗ್ಗೆ ಐದಕ್ಕೇ ಎಚ್ಚರ. ಮಾಡಲು ಬೇರೇನೂ ಇಲ್ಲ. ಸುಮ್ನೆ ಅಲ್ಲಿನ ಹೋಸ್ಟ್ ದಂಪತಿಯ ಹಿಂದೆ ಹಿಂದೆ ಓಡಾಡಿದೆ.

ಗಂಡನ ಕೆಲಸವೆಲ್ಲ ಬೂದಿಯ ಸುತ್ತ. ಒಲೆ ಹೂಡಲು ಪ್ರತಿ ಡೇರೆಯ ಮುಂದೆ ಒಂದು ದೊಡ್ಡ ಕಬ್ಬಿಣದ ಬಳೆ ಇರುತ್ತದೆ. ಜನ ಖಾಲಿ ಮಾಡಿ ಹೋದಮೇಲೆ ಇವರು ಅಲ್ಲಿ ಮಂಡಿಯೂರಿ ಕೂತು, ಕೈಯ ಹಿಂಬದಿಯನ್ನು ಬೂದಿಯ ಮೇಲೆ ಹಿಡಿಯುತ್ತಿದ್ದರು. ಸ್ವಲ್ಪ ಬಿಸಿ ಅನ್ನಿಸಿದರೂ ಒಂದು ಬಕೆಟ್ ನೀರು. ಕೋಲಿನಿಂದ ಕೆದಕುವುದು, ಮತ್ತೆ ನೀರು, ಮತ್ತೆ ಕೈ. ಬಚ್ಚಲ ಒಲೆಯ ಬೂದಿ ಬಾಚುವ ಮುಂಚೆ ನಮ್ಮಜ್ಜಿಯೂ ಹೀಗೇ ಕೈ ಹಿಡಿದು ನೋಡುತ್ತಿದ್ದಳು. ಮೇಲೆ ಬೆಳ್ಳಗಿದ್ದರೂ ಒಳಗೆ ಕೆಂಡ ಇರುತ್ತದಲ್ವಾ. ಬೇಸಿಗೆಯಲ್ಲಿ ಒಣಗಿದ ಆ ಕಾಡಿಗೆ ಒಂದು ಕಿಡಿ ಸಾಕು. ಬೂದಿ ಆರಿದಮೇಲೆ ಬಾಟಲಿ ಮುಚ್ಚಳ, ಆಲೂಗಡ್ಡೆ ಸುತ್ತಿದ್ದ ಅಲ್ಯೂಮಿನಿಯಂ ಹಾಳೆ ಹೆಕ್ಕುತ್ತಿದ್ದರು. ಒಂದು ದಿನ ಕರಕಲಾದ ಚಮಚ ಸಿಕ್ಕಿತು. ಅದನ್ನು ತೊಳೆದು, ಯಾರದಾದರೂ ಇರಬಹುದು ಅಂತ ಬೋರ್ಡಿನ ಕೆಳಗೆ ಇಟ್ಟರು.

ಮಧ್ಯಾಹ್ನವೆಲ್ಲ ಹೋಗುವವರು, ಬರುವವರು. ಕಾರು ಎಲ್ಲಿ ನಿಲ್ಲಿಸಲಿ, ನೀರೆಲ್ಲಿ, ಫೋನಿಗೆ ಸಿಗ್ನಲ್ ಯಾಕಿಲ್ಲ. ಅವೇ ಪ್ರಶ್ನೆ, ಅದೇ ನಗು.

ಸಂಜೆ ಹೆಂಡತಿಯ ಸರದಿ. ಆಕೆ ಡೇರೆಯಿಂದ ಡೇರೆಗೆ ಹೋಗಿ ಊಟದ ಸಾಮಾನು ಪೆಟ್ಟಿಗೆಗೆ ಸೇರಿತಾ ಅಂತ ವಿಚಾರಿಸುತ್ತಾರೆ. ಕರಡಿ ತೆಗೆಯಲಾಗದ ಚಿಲಕದ ಕಬ್ಬಿಣದ ಪೆಟ್ಟಿಗೆ ಅದು. ಯೊಸೆಮಿಟಿಯಲ್ಲಿ 1998ರ ಒಂದೇ ವರ್ಷ ಕರಡಿಗಳ ಹಾವಳಿ ಸಾವಿರದೈನೂರು ಸಲಕ್ಕೂ ಜಾಸ್ತಿ ಆಗಿತ್ತು. ಕಾರಿನ ಬಾಗಿಲನ್ನೇ ಕಿತ್ತು ತಿಂಡಿ ತಿಂದಿದ್ದವು. ಆಮೇಲೆ ಕಟ್ಟುನಿಟ್ಟು ಹೆಚ್ಚಿತು, ಹಾವಳಿ ತೀರಾ ಇಳಿಯಿತು. ನಮ್ಮ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿಯೂ ಬರುತ್ತದಂತೆ. ತಪ್ಪು ನಮ್ಮದು, ಸಾವು ಅದರದ್ದು.

“ವಾಸನೆ ಬರುವಂಥದ್ದು ಇನ್ನೇನಾದರೂ ಉಂಟಾ?” ಅಂತ ಆಕೆ ನಮ್ಮ ಡೇರೆಗೂ ಬಂದು ಕೇಳಿದರು. ಇಲ್ಲ ಅಂದೆ. ಆಕೆ ಹೋಗಲಿಲ್ಲ, ನಗುತ್ತಾ ನಿಂತೇ ಇದ್ದರು. ನಾನು ಮೆಲ್ಲಗೆ ದಿಂಬಿನ ಕೆಳಗಿದ್ದ ಚಟ್ನಿಪುಡಿ ಡಬ್ಬಿ ತೆಗೆದೆ. ಇನ್ನೂ ನಿಂತಿದ್ದರು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೂ ಹೊರಬಂತು. “ಅಮ್ಮಾ!” ಅಂತ ಮಗಳು ತಲೆ ಚಚ್ಚಿಕೊಂಡಳು. ಆಕೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಕರಡಿಗಿಂತ ಮೊದಲು ತಾನೇ ಬರುತ್ತಿದ್ದೆ ಅಂದರು. ಒಂದು ಚಿಟಿಕೆ ಅಂಗೈಗೆ ಹಾಕಿದೆ. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಿಟಿಕೆಗೆ ಕೈಚಾಚಿದರು.

ರಾತ್ರಿ ಹತ್ತಕ್ಕೆ ಗಲಾಟೆ ನಿಲ್ಲಬೇಕು. ಅವತ್ತು ನಮ್ಮ ಕಡೆಯ ಹುಡುಗರೇ ಅಂತ್ಯಾಕ್ಷರಿ ಶುರು ಹಚ್ಚಿಕೊಂಡಿದ್ದರು. ಹೋಸ್ಟ್‌ಗೆ ದಂಡ ಹಾಕುವ ಅಧಿಕಾರ ಇಲ್ಲ. ಮಾತು ಮೀರಿದರೆ ರೇಂಜರನ್ನು ಕರೆಯಬಹುದು, ಅಷ್ಟೇ. ಆ ಮನುಷ್ಯ ಟಾರ್ಚನ್ನು ನೆಲಕ್ಕೆ ಹಿಡಿದು, ಹಾಡು ಮುಗಿಯುವವರೆಗೂ ಕಾದರು. ಆಮೇಲೆ ಚಪ್ಪಾಳೆ ತಟ್ಟಿ, “ಬೆಳಗ್ಗೆ ಆರಕ್ಕೆ ಮುಂದುವರಿಸಿ” ಅಂದರು. ಹುಡುಗರು ನಕ್ಕು ಎದ್ದರು. ನಾನಾಗಿದ್ದರೆ ಬೈದಿರುತ್ತಿದ್ದೆ.

ವಾಪಸ್ ಹೋಗುವಾಗ ನಮ್ಮ ಒಲೆಯ ಹತ್ತಿರ ನಿಂತರು. ನೀರು ಹೊಯ್ದಾಗಿದೆ ಅಂದ ಅಳಿಯ. ಅವರು ತಲೆಯಾಡಿಸಿದರು. ಆದರೂ ಮಂಡಿಯೂರಿದರು.

ನಾಲ್ಕನೇ ದಿನ ಬೆಳಗ್ಗೆ ಸಾಮಾನೆಲ್ಲ ಕಾರಿಗೆ ತುಂಬಿದಮೇಲೆ ನಾನೂ ಒಲೆಯ ಹತ್ತಿರ ಹೋದೆ. ನನ್ನ ಮಂಡಿ ಮಡಿಸಲು ಬರುವುದಿಲ್ಲ. ಬಗ್ಗಿಯೇ ಕೈ ಹಿಡಿದೆ. ಬೆಚ್ಚಗಿತ್ತು. ಇನ್ನೊಂದು ಬಕೆಟ್ ನೀರು ತಾ ಮಾರಾಯ, ಅಂದೆ ಅಳಿಯನಿಗೆ.

ನಮಸ್ಕಾರ.