ಒಂದು ಊರು ಸುಟ್ಟ ಕಥೆ ಬರೆಯೋಕೆ 24 ವರ್ಷ ಯಾಕೆ ಬೇಕಾಯಿತು?

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಒಂದು ವಾರದಿಂದ ನನ್ನ ತಲೆಯಲ್ಲೇ ಕೂತಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರ ಬಾಂಬ್ ದಾಳಿಗೆ ಸುಟ್ಟುಹೋದದ್ದನ್ನು ಅಮೆರಿಕದ ಲೇಖಕ ಕರ್ಟ್ ವಾನೆಗಟ್ ಕಣ್ಣಾರೆ ಕಂಡದ್ದು 1945ರಲ್ಲಿ. ಅದರ ಬಗ್ಗೆ ಅವರ ಕಾದಂಬರಿ 'ಸ್ಲಾಟರ್‌ಹೌಸ್-ಫೈವ್' ಬಂದದ್ದು 1969ರಲ್ಲಿ. ಕಣ್ಣೆದುರೇ ನಡೆದದ್ದನ್ನು ಬರೆಯೋಕೆ 24 ವರ್ಷ ಯಾಕೆ?

ಮೊದಲಿನ ಸಂಗತಿಗಳನ್ನು ಬೇಗ ಹೇಳಿಬಿಡ್ತೀನಿ. 1922, ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟು. ಕಾಲೇಜು ಅರ್ಧಕ್ಕೆ ಬಿಟ್ಟು ಸೈನ್ಯಕ್ಕೆ. 1944ರ ಮೇನಲ್ಲಿ ತಾಯಿ ತೀರಿಕೊಂಡರು, ಡಿಸೆಂಬರ್‌ನಲ್ಲಿ ಇವರು ಜರ್ಮನರ ಕೈಗೆ ಸಿಕ್ಕಿ ಯುದ್ಧಕೈದಿಯಾದರು. ಡ್ರೆಸ್ಡೆನ್‌ನಲ್ಲಿ ಇವರನ್ನು ಇಟ್ಟದ್ದು ಕಸಾಯಿಖಾನೆಯ ಐದನೇ ನಂಬರಿನ ಕಟ್ಟಡದಲ್ಲಿ. ಪುಸ್ತಕದ ಹೆಸರು ಅದೇ. ಹಗಲು ಹೊತ್ತು ಬಸುರಿ ಹೆಂಗಸರಿಗೆ ಕೊಡುವ ಮಾಲ್ಟ್ ಪಾಕದ ಕಾರ್ಖಾನೆಯಲ್ಲಿ ದುಡಿತ.

ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು ಬಂದವು. ಮರುದಿನ ಬಂದದ್ದು ಅಮೆರಿಕದ್ದೇ ವಿಮಾನಗಳು, ಅಂದರೆ ಇವರ ಸ್ವಂತ ದೇಶದ್ದು. ನೆಲದ ಕೆಳಗೆ ಮಾಂಸ ಇಡುವ ತಣ್ಣನೆ ಕೋಣೆಯಲ್ಲಿದ್ದ ಕೈದಿಗಳು ಬದುಕಿಕೊಂಡರು. ಮೇಲೆ ಬಂದು ನೋಡಿದರೆ ಊರೇ ಇಲ್ಲ. ಆಮೇಲೆ ನೆಲಮಾಳಿಗೆಗಳಿಂದ ಹೆಣ ಹೊರಗೆ ತೆಗೆಯುವ ಕೆಲಸ. ಆಗ ಇವರಿಗೆ ಬರೀ 22 ವರ್ಷ. ಸತ್ತವರು 1,35,000 ಅಂತ ಕಾದಂಬರಿಯಲ್ಲಿದೆ, ಆಗ ಹರಡಿದ್ದ ಲೆಕ್ಕ ಅದು. ಆಮೇಲೆ ಇತಿಹಾಸಕಾರರು ಕೂತು ಲೆಕ್ಕ ಹಾಕಿದಾಗ ಸಿಕ್ಕದ್ದು ಹೆಚ್ಚೆಂದರೆ 25,000.

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರ್ತೀನಿ. ಈ ಕಥೆಗೆ ತಾನು ಹಾಕಿದ ಅತ್ಯುತ್ತಮ ನಕ್ಷೆ ಯಾವುದು ಅಂತ ವಾನೆಗಟ್ ಪುಸ್ತಕದ ಮೊದಲ ಅಧ್ಯಾಯದಲ್ಲೇ ಹೇಳ್ತಾರೆ. ವಾಲ್‌ಪೇಪರ್ ಸುರುಳಿಯ ಹಿಂಬದಿಯಲ್ಲಿ, ಮಗಳ ಕ್ರೇಯಾನ್ ಹಿಡಿದು ಗೀಚಿದ್ದು. ಒಂದು ತುದಿ ಕಥೆಯ ಶುರು, ಇನ್ನೊಂದು ತುದಿ ಕೊನೆ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಬಣ್ಣದ ಗೆರೆ. ನೀಲಿ ಗೆರೆ ಕೆಂಪನ್ನು ಸೇರುತ್ತೆ, ಆಮೇಲೆ ಹಳದಿಯನ್ನು. ಸ್ವಲ್ಪ ಮುಂದೆ ಹಳದಿ ಗೆರೆ ನಿಂತುಬಿಡುತ್ತೆ, ಯಾಕೆಂದರೆ ಆ ಮನುಷ್ಯ ಸತ್ತ. ಡ್ರೆಸ್ಡೆನ್ ಅಂದರೆ ಮೇಲಿಂದ ಕೆಳಗೆ ಒಂದು ಕಿತ್ತಳೆ ಪಟ್ಟಿ. ಬದುಕಿದ್ದ ಗೆರೆಗಳೆಲ್ಲ ಅದರೊಳಗೆ ನುಗ್ಗಿ ಆಚೆ ಬದಿಗೆ ಬರ್ತವೆ. ಕೊನೆಯಲ್ಲಿ ಎಲ್ಬೆ ನದಿ ಹತ್ತಿರದ ಬೀಟ್‌ರೂಟ್ ಹೊಲ, ಮಳೆ. ಗೆರೆಗಳು ಅಲ್ಲಿ ನಿಲ್ಲುತ್ತವೆ.

ಎಷ್ಟು ಚೆಂದದ ನಕ್ಷೆ ಅಲ್ವಾ? ಆದರೆ ನಾವು ಓದುವ ಕಾದಂಬರಿ ಹಾಗೆ ನೇರವಾಗಿ ಹೋಗೋದೇ ಇಲ್ಲ! ಅದರ ನಾಯಕ ಬಿಲ್ಲಿ ಪಿಲ್ಗ್ರಿಮ್ ಕಾಲದ ಹಿಡಿತ ತಪ್ಪಿದವನು. ಈ ಕ್ಷಣ ಮುದುಕ, ಮರುಕ್ಷಣ ಹಿಮದಲ್ಲಿ ನಡುಗುವ ಸೈನಿಕ, ಇನ್ನೊಮ್ಮೆ ಬೇರೆ ಗ್ರಹದ ಮೃಗಾಲಯದಲ್ಲಿ ಬಂದಿ. ಆ ಕಿತ್ತಳೆ ಪಟ್ಟಿ ದಾಟಿ ಆಚೆ ಬಂದವರು ನಿಜಕ್ಕೂ ಆಚೆ ಬಂದಿರಲ್ಲ. ಅದು ಅವರ ಮೈಯಲ್ಲೇ ಉಳಿದಿರುತ್ತೆ. ಇದನ್ನು ಹೇಳುವ ದಾರಿ ಹುಡುಕೋಕೇ 24 ವರ್ಷ ಹಿಡಿಯಿತು ಅಂತ ನಾನು ನಂಬ್ತೀನಿ.

ದಾರಿ ತೋರಿಸಿದವರಲ್ಲಿ ಒಬ್ಬ ಹೆಂಗಸೂ ಇದ್ದರು. ಯುದ್ಧದ ಗೆಳೆಯ ಓಹೇರ್ ಮನೆಗೆ ಹಳೆಯದನ್ನು ನೆನಪಿಸಿಕೊಳ್ಳೋಕೆ ವಾನೆಗಟ್ ಹೋದಾಗ ಗೆಳೆಯನ ಹೆಂಡತಿ ಮೇರಿ ಸಿಡಿಮಿಡಿ ಮಾಡಿದರು. ಆಗ ನೀವೆಲ್ಲ ಎಳೆ ಮಕ್ಕಳು, ಈಗ ಗಂಡಸರ ಶೌರ್ಯದ ಕಥೆ ಬರೀತೀರಿ, ಅದರಿಂದ ಇನ್ನಷ್ಟು ಯುದ್ಧ ಆಗುತ್ತೆ ಅಂತ. ಹಾಗೆ ಬರೆಯಲ್ಲ ಅಂತ ವಾನೆಗಟ್ ಮಾತು ಕೊಟ್ಟರು. 'ಮಕ್ಕಳ ಧರ್ಮಯುದ್ಧ' ಅನ್ನೋ ಉಪಶೀರ್ಷಿಕೆ ಇಟ್ಟರು, ಪುಸ್ತಕವನ್ನು ಮೇರಿಗೂ ಅರ್ಪಿಸಿದರು.

ಈ ಕಾದಂಬರಿಯಲ್ಲಿ ವಿಡಂಬನೆ ಎಲ್ಲಿದೆ ಅಂತೀರಾ? ಒಂದು ಟೀಪಾಟ್‌ನಲ್ಲಿದೆ. ಇಡೀ ನಗರ ಬೂದಿಯಾಗಿದೆ. ಅದರ ನಡುವೆ ಸಿಕ್ಕ ಒಂದು ಟೀಪಾಟ್ ಎತ್ತಿಕೊಂಡ ಅಂತ ಎಡ್ಗರ್ ಡರ್ಬಿ ಎಂಬ ಮೇಷ್ಟ್ರನ್ನು ವಿಚಾರಣೆ ನಡೆಸಿ ಗುಂಡಿಟ್ಟು ಕೊಲ್ಲುತ್ತಾರೆ. ಟೀಪಾಟ್‌ಗಾಗಿ ಹೀಗೆ ಸತ್ತವನೊಬ್ಬನನ್ನು ತಾನು ನಿಜಕ್ಕೂ ಬಲ್ಲೆ ಅಂತ ವಾನೆಗಟ್ ಪುಸ್ತಕದಲ್ಲೇ ಹೇಳ್ತಾರೆ.

ಟೈಮ್ ಆಯ್ತು, ಉಳಿದದ್ದು ಬೇಗ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಪ್ರಚಾರದ ಕೆಲಸ, ಅದರಿಂದ 1952ರಲ್ಲಿ ಮೊದಲ ಕಾದಂಬರಿ. ಸಾಬ್ ಕಾರು ಮಾರಿದರು. 1958ರಲ್ಲಿ ಅಕ್ಕ, ಭಾವ ಇಬ್ಬರೂ ಒಂದೆರಡು ದಿನಗಳ ಅಂತರದಲ್ಲಿ ಹೋದಾಗ ಅವರ ಮೂವರು ಮಕ್ಕಳನ್ನು ಮನೆಗೆ ತಂದು ಸಾಕಿದರು. 1973ರಲ್ಲಿ ನಾರ್ತ್ ಡಕೋಟಾದ ಡ್ರೇಕ್ ಊರಿನ ಶಾಲೆಯಲ್ಲಿ 'ಸ್ಲಾಟರ್‌ಹೌಸ್-ಫೈವ್' ಪ್ರತಿಗಳನ್ನು ಒಲೆಗೆ ಹಾಕಿ ಸುಟ್ಟರು. 2007ರಲ್ಲಿ ವಾನೆಗಟ್ ತೀರಿಕೊಂಡರು.

ಪುಸ್ತಕ ಸಿಕ್ಕರೆ ಮೊದಲ ಅಧ್ಯಾಯವನ್ನು ಸುಮ್ನೆ ಮುನ್ನುಡಿ ಅಂದ್ಕೊಂಡು ದಾಟಬೇಡಿ. ಆ ಕ್ರೇಯಾನ್ ಗೆರೆಗಳು ಇರೋದು ಅಲ್ಲೇ.